ಮುತ್ಯಾನಿಗೆ ಉಳಿದ ಒಂದೇ ಮಾತು

ನಮ್ಮ ಮನೆಯಲ್ಲಿ ‘ಒಂದು’ ಎಂಬ ಎಣಿಕೆ ಇರಲಿಲ್ಲ. ಕಾಳು ಅಳೆಯುವಾಗ ಮೊದಲ ಸೇರಿಗೆ ‘ಲಾಭ’ ಎನ್ನುವುದು ನಮ್ಮ ಕಡೆಯ ಪದ್ಧತಿ. ಅಲ್ಲಿಂದ ಮುಂದೆ ಎರಡು, ಮೂರು, ನಾಲ್ಕು. ನನ್ನ ಅಪ್ಪನ ಅಪ್ಪ, ನಮಗೆಲ್ಲ ಮುತ್ಯಾ, ಮಸ್ಕಿಯ ದಲಾಲಿ ಅಂಗಡಿಗಳ ಮುಂದೆ ಕಾಳು ಅಳೆದೇ ಬದುಕಿದವನು. ಹಾಗಾಗಿ ಆ ರೂಢಿ ಅವನ ಹಿಂದೆಯೇ ನಡೆದುಕೊಂಡು ನಮ್ಮ ಅಡುಗೆಮನೆಯವರೆಗೂ ಬಂದಿತ್ತು. ಅವ್ವ ಡಬ್ಬಿಯಿಂದ ಅಕ್ಕಿ ತೆಗೆಯುವಾಗ, ಅಪ್ಪನ ತಂಗಿ ನೀಲತ್ತಿ ಬುಟ್ಟಿಗೆ ರೊಟ್ಟಿ ಎಣಿಸಿ ಹಾಕುವಾಗ, ನಾನೂ ನನ್ನ ತಮ್ಮನೂ ಪೆಪ್ಪರಮೆಂಟು ಹಂಚಿಕೊಳ್ಳುವಾಗ ಎಲ್ಲವೂ ಲಾಭದಿಂದಲೇ ಶುರು. ಶಾಲೆಗೆ ಹೋದ ಹೊಸದರಲ್ಲಿ ಮಾಸ್ತರರು ಎಣಿಸು ಎಂದಾಗ ನಾನು ಲಾಭ, ಎರಡು, ಮೂರು ಎಂದುಬಿಟ್ಟೆ. ಮಾಸ್ತರರು ನಗುತ್ತ, ‘ಕಾಳಿನ ಮುತ್ಯಾನ ಮೊಮ್ಮಗಳೇನು ನೀ?’ ಎಂದು ಕೇಳಿದರು. ಹೌದೆಂದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಪೇಟೆಯಲ್ಲಿ ಸೇರು ಹೋಗಿ ತೂಕದ ಕಾಟಾ ಬಂದಿತ್ತು. ಆದರೂ ಸುತ್ತಲ ಹಳ್ಳಿಯವರು ಮನೆಮಟ್ಟಿಗೆ ಅಳೆಸಬೇಕಾದಾಗ ಮುತ್ಯಾನನ್ನೇ ಕರೆಯುತ್ತಿದ್ದರು. ಅವನು ಮೊದಲ ಸೇರನ್ನು ಸುರಿಯುವಾಗ ಅದು ಪೂರ್ತಿ ಬರಿದಾಗುವವರೆಗೂ ‘ಲಾ...ಭ, ಲಾ...ಭ’ ಎಂದು ಎಳೆದೆಳೆದು ಹೇಳುತ್ತಿದ್ದ. ಎಣಿಕೆ ತಪ್ಪಬಾರದೆಂದು ಹಾಗೆ. ಕಾಳು ಸುರಿಯುವ ಸದ್ದು ಯಾವುದು, ಅವನ ದನಿ ಯಾವುದು ಎಂದು ಬಿಡಿಸಿ ಕೇಳಲು ಆಗುತ್ತಿರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಪಡಸಾಲೆ, ಅದರಾಚೆ ಅಡುಗೆಮನೆ. ನಡುವಿನ ಗೋಡೆ ಮಾಳಿಗೆಗೆ ಮುಟ್ಟಿರಲಿಲ್ಲ. ಹೊಗೆ ಹೋಗಲೆಂದು ಮೇಲೆ ಮೊಳದಷ್ಟು ಸಂದು ಬಿಟ್ಟಿದ್ದರು. ಹೊಗೆಯ ಜೊತೆ ಮಾತೂ ಆ ಸಂದಿನಲ್ಲೇ ಓಡಾಡುತ್ತಿತ್ತು. ಪಡಸಾಲೆಯಲ್ಲಿ ಆಡಿದ ಶಬ್ದಗಳೆಲ್ಲ ಗೋಡೆಗೆ ಬಡಿದು ಅರ್ಧ ಕೆಳಗೆ ಬೀಳುತ್ತಿದ್ದವು, ಮಾತಿನ ರಾಗ ಮಾತ್ರ ಸಾಪಾಗಿ ದಾಟಿ ಬರುತ್ತಿತ್ತು. ಒಲೆಯ ಮುಂದೆ ಕೂತವರಿಗೆ ಹೊರಗೆ ಬಂದವರು ಯಾರು, ಎಂಥ ಕೆಲಸಕ್ಕೆ ಬಂದಿದ್ದಾರೆ, ಊಟಕ್ಕೆ ನಿಲ್ಲುವವರೋ ಹೋಗುವವರೋ ಎಂಬುದೆಲ್ಲ ಆ ರಾಗದಿಂದಲೇ ಗೊತ್ತಾಗುತ್ತಿತ್ತು. ಅವ್ವ ಎದ್ದು ನೋಡದೆಯೇ ಇನ್ನೆರಡು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

ಆ ಮನೆಯೊಳಗೇ ಮೂರು ಬಗೆಯ ಮಾತಿತ್ತು. ಮುತ್ಯಾ ಮತ್ತು ಅವನ ಕಿರಿಯ ಮಗಳು ನೀಲತ್ತಿಯದು ಪಾಮನಕಲ್ಲೂರಿನ ಒಣಭೂಮಿಯ ಮಾತು. ಒಂದೊಂದು ವಾಕ್ಯವೂ ಕಲ್ಲಿನ ಮೇಲೆ ಕಲ್ಲು ಇಟ್ಟಂತೆ ಕೊನೆಯಲ್ಲಿ ಕೆಳಗೆ ಕೂರುತ್ತಿತ್ತು. ಅವ್ವ ವಳಕಮದಿನ್ನಿಯವಳು, ಕಾಲುವೆಯ ನೀರು ಕುಡಿದು ಬೆಳೆದವಳು. ಭತ್ತದ ಗದ್ದೆ ಮಾಡಲು ಬಂದು ನೆಲೆಸಿದ ತೆಲುಗಿನವರ ಮಕ್ಕಳ ಜೊತೆ ಆಡಿದ್ದರಿಂದ ಅವಳ ಮಾತಿನ ತುದಿ ಸದಾ ಮೇಲಕ್ಕೆದ್ದು ನಿಲ್ಲುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಅವಳು ‘ಅನ್ನ ಆಯ್ತು’ ಎಂದರೆ ಮುತ್ಯಾ, ‘ನನ್ನೇನ ಕೇಳ್ತೀಬೇ, ಒಲಿ ಮುಂದ ಕುಂತಾಕಿ ನೀನು’ ಎನ್ನುತ್ತಿದ್ದನಂತೆ. ಅಪ್ಪ ಸಿಂಧನೂರಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದ. ಬರುವಾಗ ಆಫೀಸಿನ ಕನ್ನಡ ಅವನ ನಾಲಿಗೆಗೆ ಅಂಟಿಕೊಂಡೇ ಬರುತ್ತಿತ್ತು. ಅಂಗಿ ಬಿಚ್ಚಿ ಗೂಟಕ್ಕೆ ಹಾಕುವ ತನಕ ‘ಕುಡಿಯಲು ನೀರು ಕೊಡಿ’ ಎನ್ನುತ್ತಿದ್ದವನು, ಅಂಗಿ ಬಿಚ್ಚಿದ ಮೇಲೆ ‘ನೀರು ತಾ’ ಎನ್ನುತ್ತಿದ್ದ. ನಾವು ಮಕ್ಕಳು ಆ ಗೂಟದ ಹತ್ತಿರ ಸುಳಿದಾಡುತ್ತ ಅಪ್ಪ ಮನೆಗೆ ಬರುವುದನ್ನು ಕಾಯುತ್ತಿದ್ದೆವು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಮುತ್ಯಾನಿಗೆ ಲಕ್ವಾ ಹೊಡೆಯಿತು. ಲಿಂಗಸೂಗೂರಿನ ದವಾಖಾನೆಯಿಂದ ಅವನನ್ನು ಕರೆತಂದು ಪಡಸಾಲೆಯ ಹೊರಸಿನ ಮೇಲೆ ಮಲಗಿಸಿದಾಗ ಬಲಗೈ, ಬಲಗಾಲು ಎರಡೂ ಅವನವಾಗಿ ಉಳಿದಿರಲಿಲ್ಲ. ಬಾಯಿ ಒಂದು ಕಡೆ ಜಗ್ಗಿತ್ತು. ಮಾತು ಪೂರ್ತಿ ನಿಂತಿತ್ತು. ನೀಲತ್ತಿ ಅವನ ಪಕ್ಕ ಕೂತು, ಕೂಸಿಗೆ ಹೇಳಿಕೊಡುವ ಹಾಗೆ, ‘ಅಪ್ಪಾ, ನೀರು ಅನ್ನು. ನೀರು’ ಎನ್ನುತ್ತಿದ್ದಳು. ಅವನು ಅವಳ ಬಾಯನ್ನೇ ನೋಡುತ್ತಿದ್ದ. ತುಟಿ ಅಲುಗುತ್ತಿತ್ತು, ಏನೂ ಹೊರಬೀಳುತ್ತಿರಲಿಲ್ಲ. ಹಾಗೇ ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ ಅವ್ವ ಅಂಬಲಿಯ ಬಟ್ಟಲು ಅವನ ತುಟಿಗಿಟ್ಟಳು. ಒಂದು ಗುಟುಕು ಕುಡಿದು, ಬಟ್ಟಲನ್ನು ಎಡಗೈಯಿಂದ ಹಿಂದಕ್ಕೆ ಸರಿಸಿ, ಅವನು ಸ್ಪಷ್ಟವಾಗಿ ‘ಲಾಭ’ ಎಂದ. ಹಿತ್ತಲಲ್ಲಿದ್ದ ನೀಲತ್ತಿ ಓಡಿಬಂದಳು. ಮಾತು ಬಂತು, ಇನ್ನು ಒಂದೊಂದೇ ಬರುತ್ತವೆ ಎಂದು ಎಲ್ಲರೂ ಕಾದರು. ಬರಲಿಲ್ಲ. ಜನ್ಮವಿಡೀ ಮೊದಲು ಆಡಿದ ಆ ಮಾತೊಂದೇ ಅವನಲ್ಲಿ ಉಳಿಯಿತು. ಡಾಕ್ಟರು, ಅಷ್ಟು ಬಂದದ್ದೇ ದೊಡ್ಡದು ಎಂದರು.

ಅವ್ವ ಮಾತ್ರ ಆ ಮುಂಜಾನೆ ಅಳಲಿಲ್ಲ, ಕಾಯಲೂ ಇಲ್ಲ. ಬಟ್ಟಲು ತೆಗೆದುಕೊಂಡು ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ಹಾಕಿ ತಂದಳು. ಮುತ್ಯಾ ಪೂರ್ತಿ ಕುಡಿದ. ನಾನು ಕೇಳಿದೆ:

“ಉಪ್ಪು ಅಂತ ನಿನಗ ಹೆಂಗ ತಿಳೀತು?”

“ಅಂದನಲ್ಲ.”

“ಲಾಭ ಅಂದ.”

“ಏನಂದ ಅಂತ ಹಿಡೀಬ್ಯಾಡವ್ವಾ, ಹೆಂಗಂದ ಅಂತ ಹಿಡಿ. ನಾ ಈ ಮನಿಗೆ ಬಂದಾಗ ನಿಮ್ಮ ಮಾತು ನನಗ ಅರ್ಧ ತಿಳೀತಿದ್ದಿಲ್ಲ. ರಾಗ ಹಿಡಕೊಂಡೇ ಬಾಳೇ ಮಾಡೀನಿ.”

ಹಾಗೆ ನಾವು ಹಿಡಿಯತೊಡಗಿದೆವು. ನೀರಿನ ಲಾಭ ಗಿಡ್ಡದು, ಮೇಲಿಂದ ಹನಿ ಬಿದ್ದಂತೆ. ಬೀಡಿಯ ಲಾಭ ಕಳ್ಳನಂತೆ ಸಣ್ಣಗೆ ಬಂದು, ಯಾರಾದರೂ ಕೇಳಿಸಿಕೊಂಡರೋ ಎಂದು ನಡುವೆ ನಿಂತು ನೋಡಿ ಮುಂದೆ ಹೋಗುತ್ತಿತ್ತು. ಕೋಳಿ ಒಳಗೆ ಬಂದರೆ ಲಾಭ ಕಲ್ಲಿನಂತೆ ಹಾರುತ್ತಿತ್ತು. ಕೋಳಿಗೂ ಅದು ತಿಳಿಯುತ್ತಿತ್ತು. ಕಷಾಯ ತಂದಾಗ ಬರುವ ಲಾಭ ಎಲ್ಲಕ್ಕಿಂತ ಬೇರೆ. ಎದೆಯ ತಳದಿಂದ ಎದ್ದು, ಏರದೆ ಇಳಿಯದೆ ಬಂದು, ಕೊನೆಯ ಅಕ್ಷರದ ಮೇಲೆ ಬಾಗಿಲು ಹಾಕಿದಂತೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ನಾನೂ ನನ್ನ ತಮ್ಮನೂ ‘ಒಲ್ಲೆ ಲಾಭ’ ಎಂದು ಹೆಸರಿಟ್ಟಿದ್ದೆವು. ಆ ಲಾಭ ಬಿದ್ದ ಮೇಲೆ ಅವ್ವನೂ ಕಷಾಯ ಹಿಡಿದು ನಿಲ್ಲುತ್ತಿರಲಿಲ್ಲ. ನೀಲತ್ತಿಯ ರೊಟ್ಟಿ ಸೀದ ದಿನ ಅವನು ತುಣುಕನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಬಹಳ ಗೌರವದಿಂದ ‘ಲಾ...ಭ’ ಎನ್ನುತ್ತಿದ್ದ. ಅವಳು, ‘ಹೂಂನಪಾ, ತವಾ ಹೊತ್ತೇತಿ, ಗೊತ್ತಾತು’ ಎಂದು ನಗುತ್ತಿದ್ದಳು. ನಾವು ಅವನ ಮುಂದೆ ಕೂತು ಒಂದೊಂದು ಲಾಭವನ್ನೂ ಅವನಂತೆಯೇ ಅನ್ನುವ ಆಟ ಆಡುತ್ತಿದ್ದೆವು. ತಪ್ಪಾದರೆ ಅವನು ತಿದ್ದುತ್ತಿದ್ದ. ಶಾಲೆಯಲ್ಲಿ ಪುಸ್ತಕದ ತುಂಬ ಮಾತು ಕಲಿತು ಬಂದು, ಸಂಜೆ ಒಂದೇ ಮಾತಿನೊಳಗೆ ಅಷ್ಟು ಜಾಗ ಇರುವುದನ್ನು ಕಂಡು ನಾನು ಬೆರಗಾಗುತ್ತಿದ್ದೆ. ಇವತ್ತಿಗೂ ಯಾರಾದರೂ ಮಾತಿಗೆ ನಿಂತರೆ ನನ್ನ ಕಿವಿಗೆ ಮೊದಲು ಬರುವುದು ಏರಿಳಿತ. ಶಬ್ದಗಳು ಒಂದು ಹೆಜ್ಜೆ ಹಿಂದೆ ಬರುತ್ತವೆ.

ಮನೆಯಲ್ಲಿ ಇದನ್ನು ಒಪ್ಪದವನೆಂದರೆ ಅಪ್ಪ. ತಂದೆಯ ಮೇಲೆ ಅವನಿಗೆ ಪ್ರೀತಿ ಕಮ್ಮಿಯಿತ್ತೆಂದಲ್ಲ. ರಜೆಯ ದಿನ ಸ್ನಾನ ಮಾಡಿಸುವವನು ಅವನೇ. ಆದರೆ ಮುತ್ಯಾನೊಂದಿಗೆ ಮಾತಾಡುವಾಗ ಕಿವುಡನಿಗೆ ಹೇಳುವಂತೆ ದೊಡ್ಡ ದನಿ ತೆಗೆದು, ಒಂದೊಂದೇ ಶಬ್ದ ಬಿಡಿಸಿ, ‘ಅಪ್ಪಾ. ಊಟ. ಆತಾ’ ಎನ್ನುತ್ತಿದ್ದ. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

“ಅಣ್ಣಾ, ಕಿವಿ ಹೋಗಿಲ್ಲ ಆತಂದು, ಬಾಯಿ ಹೋಗೇತಿ” ಎಂದು ನೀಲತ್ತಿ ಹೇಳಿದರೆ,

“ತಲೀನೂ ಹೋಗೇತಿ. ಗಿಣಿಗೆ ಕಲಿಸಿದಂಗ ಒಂದು ಮಾತು ಉಳದೇತಿ. ನೀವು ಹೆಣ್ಮಕ್ಕಳು ಅದಕ್ಕ ಕಥಿ ಕಟ್ಟಾಕತ್ತೀರಿ” ಎನ್ನುತ್ತಿದ್ದ.

ನನ್ನ ಏಳನೆಯ ತರಗತಿಯ ಹೊತ್ತಿಗೆ ನೀಲತ್ತಿಗೆ ಲಿಂಗಸೂಗೂರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಸರ್ಕಾರಿ ನೌಕರಿ, ಸ್ವಂತ ಮನೆ. ತಾಯಿ ತಂದೆ ಇಲ್ಲ, ಅಣ್ಣ ಇದ್ದಾನೆ, ಸಾಕಿ ಬೆಳೆಸಿದ ಅಜ್ಜಿ ಇದ್ದಾಳೆ. ಅಪ್ಪನ ಖುಷಿ ಹೇಳತೀರದು. ತಂದೆಯ ಸೇವೆಯಲ್ಲಿ ತಂಗಿಯ ವಯಸ್ಸು ಸರಿದುಹೋಗುತ್ತಿದೆ ಎಂಬ ಸಂಕಟ ಅವನಿಗಿತ್ತು. ಹುಡುಗ ಆಗಲೇ ಒಮ್ಮೆ ಬಂದು ಹುಡುಗಿಯನ್ನು ನೋಡಿಹೋಗಿದ್ದ, ಆದರೆ ಆ ಸಲ ಅವನು ಬಾಯಿಬಿಟ್ಟದ್ದು ಚಹಾ ಕುಡಿಯಲಷ್ಟೇ. ನೀಲತ್ತಿಗೂ ಮನಸ್ಸಿಗೆ ಬಂದಿದ್ದ. ಇನ್ನು ಉಳಿದದ್ದು ಮಾತು ಕೊಡುವ ಶಾಸ್ತ್ರ. ನಮ್ಮಲ್ಲಿ ಹುಡುಗಿಯ ಮನೆಯ ಹಿರಿಯ ತನ್ನ ಬಾಯಿಂದಲೇ ‘ಕೊಟ್ಟೆವು’ ಎನ್ನಬೇಕು. ಆಮೇಲೆ ಎರಡೂ ಕಡೆಯವರು ಸಕ್ಕರೆ ತಿನ್ನುತ್ತಾರೆ. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಹಿಂದೆ ಸರಿಯುವ ಪದ್ಧತಿ ಇಲ್ಲ. ಹಿಂದಿನ ದಿನ ರೊಟ್ಟಿ ಬಡಿಯುತ್ತ ನೀಲತ್ತಿ ಅವ್ವನಿಗೆ ಹೇಳಿದ್ದು ನಾನು ಕೇಳಿದೆ:

“ವೈನಿ, ಹುಡುಗ ನೋಡಾಕ ಚಲೋ ಅದಾನ. ನನಗೇನು ತಕರಾರಿಲ್ಲ. ಆದ್ರ ಅಪ್ಪ ಹೂಂ ಅನಬೇಕು. ಆತ ಒಲ್ಲೆ ಅಂದ್ರ ನಾ ಹೋಗಾಕಿ ಅಲ್ಲ.”

ಗೋಡೆಯ ಮೇಲಿನ ಸಂದಿನಿಂದ ಅಪ್ಪನ ಉತ್ತರ ಬಂತು:

“ಆತಗ ಲಾಭ ಬಿಟ್ಟು ಮತ್ತೇನು ಬರತೈತಿ? ಅದನ್ನೇ ಅಂತಾನ. ಅದು ಶುಭಾನ ಆತು.”

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಬಂದರು. ಅವ್ವ ಮಂಡಾಳಿನ, ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಮಾಡಿದ್ದಳು. ಮುತ್ಯಾನಿಗೆ ಹೊಸ ಧೋತರ ಉಡಿಸಿ, ಗೋಡೆಗೆ ಎರಡು ದಿಂಬು ಆನಿಸಿ ಹೊರಸಿನ ಮೇಲೆ ಕೂಡಿಸಿದ್ದರು. ಹುಡುಗ ಮತ್ತು ಅವನ ಅಣ್ಣ ಚಾಪೆಯ ಮೇಲೆ ಕೂತರು. ಅಜ್ಜಿ ಮುತ್ಯಾನ ಹೊರಸಿನ ಪಕ್ಕಕ್ಕೆ, ನೆಲದ ಮೇಲೆ. ಅಣ್ಣನದು ಒಳ್ಳೆ ಮಾತುಗಾರಿಕೆ. ಅಪ್ಪ ಆ ದಿನ ಅಂಗಿ ಬಿಚ್ಚದೆ ಆಫೀಸಿನ ಕನ್ನಡದಲ್ಲೇ ಉತ್ತರಿಸುತ್ತಿದ್ದ. ನೀರಿನ ತಂಬಿಗೆ ಹಿಡಿದು ನಿಂತಿದ್ದ ನನಗೆ ಆ ನಡುವೆ ಸಣ್ಣದೊಂದು ಸಂಗತಿ ಕಂಡಿತು. ಅಜ್ಜಿ, ‘ಬಸ್ಸಿನ್ಯಾಗ ಕಾಲು ಹಿಡದಾವಪಾ, ಒಂದೀಟು ಚಾಚಲೇನು’ ಎಂದಳು. ಹುಡುಗ ಅವಳ ಕಡೆ ಬಾಗಿ, ಮುಖದ ಮೇಲಿನ ನಗೆ ಕದಡದಂತೆ, ಮೆಲ್ಲಗೆ, ‘ಕೂಡಬೇ ಸುಮ್ಮ’ ಎಂದ. ಅವಳು ಕಾಲು ಮಡಚಿಕೊಂಡಳು. ಮಾತು ನೋಡಿದರೆ ಅದರಲ್ಲಿ ಏನೂ ಇಲ್ಲ. ‘ಬೇ’ ಎಂದು ನಾವು ದಿನಕ್ಕೆ ನೂರು ಸಲ ಅವ್ವನಿಗೆ ಅನ್ನುತ್ತೇವೆ. ಅಪ್ಪ ಆಚೆ ಅಣ್ಣನ ಜೊತೆ ಮಾತಿನಲ್ಲಿದ್ದ. ಮುತ್ಯಾ ಮಾತ್ರ ನಿಧಾನವಾಗಿ ತಲೆ ತಿರುಗಿಸಿ ಹುಡುಗನ ಮುಖವನ್ನು ನೋಡಿದ, ನೋಡುತ್ತಲೇ ಇದ್ದ.

ಫಲಾಹಾರ ಮುಗಿಯಿತು. ನೀಲತ್ತಿ ಸಕ್ಕರೆಯ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲ ಒಳಗೆ ನಿಂತಿದ್ದಳು. ಅಣ್ಣ ಕೈಮುಗಿದು, ‘ಹಿರ್ಯಾರು ಒಂದು ಮಾತು ಅಂದುಬಿಡ್ರಿ, ಬಾಯಿ ಸಿಹಿ ಮಾಡಿಕೋಳೂಣು’ ಎಂದ. ಅಪ್ಪ ಹೊರಸಿನ ಹತ್ತಿರ ಹೋಗಿ ದೊಡ್ಡ ದನಿಯಲ್ಲಿ ಕೇಳಿದ:

“ಅಪ್ಪಾ. ನೀಲಮ್ಮನ್ನ. ಇವರ ಮನಿಗೆ. ಕೊಡೂಣಲ್ಲ?”

“ಲಾಭ” ಎಂದ ಮುತ್ಯಾ.

ಪಡಸಾಲೆಯವರು ಕೇಳಿದ್ದು ಆ ಶಬ್ದವನ್ನು. ಅಣ್ಣ ತೊಡೆ ತಟ್ಟಿಕೊಂಡು, ‘ಬಾಯಾಗ ಬಂದದ್ದೇ ಲಾಭ. ಇದಕ್ಕಿಂತ ಚಲೋ ಮಾತು ಬೇಕೇನ್ರಿ?’ ಎಂದ. ಅಪ್ಪನ ಮುಖ ಅರಳಿತು. ಒಳಗೆ ಒಲೆಯ ಮುಂದೆ ಬಳೆಯ ಸದ್ದು ನಿಂತಿತು. ಏರದೆ ಇಳಿಯದೆ ಬಂದು ಕೊನೆಯಲ್ಲಿ ಮುಚ್ಚಿಕೊಂಡ ಆ ಲಾಭವನ್ನು ನಾವು ಕಷಾಯದ ಬಟ್ಟಲಿನ ಮುಂದೆ ಎಷ್ಟೋ ಸಲ ಕೇಳಿದ್ದೆವು. ನನ್ನ ತಮ್ಮ ನನ್ನ ಲಂಗ ಜಗ್ಗಿ, ‘ಅಕ್ಕಾ, ಒಲ್ಲೆ ಲಾಭ’ ಎಂದು ಪಿಸುಗುಟ್ಟಿದ. ಅಪ್ಪ ಸಕ್ಕರೆ ತರಲು ಕೈ ಮಾಡಿದ. ನೀಲತ್ತಿ ಹೊಸ್ತಿಲು ದಾಟಿ ಬಂದಳು, ತಟ್ಟೆಯನ್ನು ಮಾತ್ರ ಮುಂದೆ ಹಿಡಿಯಲಿಲ್ಲ.

“ಅಪ್ಪ ಒಲ್ಲೆ ಅಂದಾನ” ಎಂದಳು.

ಅಣ್ಣ ನಕ್ಕ.

“ಲಾಭ ಅಂದ್ರ ಒಲ್ಲೆ ಅಂತ ಯಾವ ಊರಾಗ ಐತ್ರಿ?”

“ಈ ಮನ್ಯಾಗ ಐತ್ರಿ” ಎಂದಳು ಅವ್ವ, ಒಳಗಿನಿಂದಲೇ. ಅವಳ ಮಾತಿನ ತುದಿ ಆ ಸಲ ಮೇಲೇಳಲಿಲ್ಲ.

ಅಪ್ಪ ಗಾಬರಿಯಾದ. ಲಕ್ವಾ ಹೊಡೆದಾಗಿನಿಂದ ತಂದೆಗೆ ಅದೊಂದೇ ಮಾತು ಬರುವುದು, ಹೆಂಗಸರು ಏನೇನೋ ಅರ್ಥ ಹಚ್ಚುತ್ತಾರೆ, ಮನಸ್ಸಿಗೆ ತಂದುಕೊಳ್ಳಬೇಡಿ ಎಂದೆಲ್ಲ ತೊದಲುತ್ತ ಮುತ್ಯಾನ ಕಡೆ ತಿರುಗಿ ಇನ್ನೂ ಜೋರಾಗಿ, ‘ಅಪ್ಪಾ. ಹೂಂ ಅಂದೆಲ್ಲ?’ ಎಂದ. ಮುತ್ಯಾ ಹುಡುಗನ ಮುಖದಿಂದ ಕಣ್ಣು ತೆಗೆಯದೆ ಅದೇ ದನಿಯಲ್ಲಿ, ಒಂದು ಕೂದಲೆಳೆಯಷ್ಟೂ ಬದಲಿಸದೆ, ‘ಲಾಭ’ ಎಂದ. ಆಗ ಕೆಳಗೆ ಕೂತ ಅಜ್ಜಿ ತಲೆ ಎತ್ತಿದಳು.

“ಒಲ್ಲೆ ಅಂದನಪಾ ಆತ. ನನಗೂ ಕೇಳಿಸ್ತು.”

“ನಿನಗೇನು ತಿಳೀತೈತಿ? ಕೂಡಬೇ ಸುಮ್ಮ” ಎಂದ ಹುಡುಗ.

ಈ ಸಲ ಅವನು ದನಿ ತಗ್ಗಿಸಿರಲಿಲ್ಲ, ಎಲ್ಲರಿಗೂ ಕೇಳಿಸಿತು. ಹಾಲಿನ ಗಡಿಗೆಗೆ ಬಾಯಿ ಹಾಕಿದ ಬೆಕ್ಕನ್ನು ಓಡಿಸುವ ದನಿ ಅದು. ‘ಬೇ’ ಎಂಬ ನಮ್ಮ ಮನೆಯ ಅಷ್ಟು ಮೆತ್ತಗಿನ ಮಾತು ಅಂಥ ಒರಟಾದೀತೆಂದು ನಾನು ತಿಳಿದಿರಲಿಲ್ಲ. ಅಪ್ಪ ಅವನನ್ನು ನೋಡಿದ, ಆಮೇಲೆ ಅಜ್ಜಿಯನ್ನು ನೋಡಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ; ಮಳೆಗೆ ಸಿಕ್ಕವರು ಮಳೆಯನ್ನು ಹೇಳುವಂತೆ ಹೇಳಿದಳು:

“ಇದಕ್ಕ ಒಲ್ಲೆ ಅಂದಾನ. ಆತಗ ಮೊದಲೇ ಕೇಳಿಸೇತಿ, ನಿಮಗ ಈಗ ಕೇಳಿಸ್ತು. ನನಗ ರೂಢಿ ಆಗೇತಿ ಬಿಡ್ರಿ. ಈ ಕೂಸಿಗೆ ಯಾಕ ಬೇಕು?”

ಅಣ್ಣ ಏನೋ ಸಮಜಾಯಿಷಿ ಹೇಳಲು ಹೊರಟ. ಅಪ್ಪ ಕೈ ಎತ್ತಿ ತಡೆದ. ಆಫೀಸಿನ ಕನ್ನಡದಲ್ಲಿ ಅವನು ಏನು ಹೇಳುತ್ತಿದ್ದನೋ ಕಾಣೆ. ಅವನ ಬಾಯಿಂದ ಬಂದದ್ದು ಪಾಮನಕಲ್ಲೂರಿನ ಮಾತು, ಕಲ್ಲಿಟ್ಟಂತೆ ಕೂರುವಂಥದ್ದು: ‘ಬ್ಯಾಡ್ರಿ. ಸಕ್ಕರಿ ಒಳಗ ಇಡು ನೀಲಾ.’ ನೀಲತ್ತಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಅಣ್ಣತಮ್ಮಂದಿರು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದರು. ಅಜ್ಜಿಗೆ ಏಳಲು ತಡವಾಯಿತು. ಹೊರಸಿನ ಕಾಲು ಹಿಡಿದು ಎದ್ದವಳು ಮುತ್ಯಾನ ಮುಂದೆ ಸೆರಗು ಸರಿಮಾಡಿಕೊಂಡು ನಿಂತಳು. ಮುತ್ಯಾ ಆಡುವ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ‘ಲಾಭ’ ಎಂದ. ಅದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಲಾಭ. ಅದರಲ್ಲಿ ‘ರೀ’ ಇತ್ತು. ಆ ಅಕ್ಷರ ಅವನ ಬಾಯಲ್ಲಿ ಬರುತ್ತಿರಲಿಲ್ಲ, ಬರಲೂ ಇಲ್ಲ, ಆದರೂ ಇತ್ತು. ಅಜ್ಜಿಗೆ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.

“ಬರ್ತೀನ್ರೀ ಯಣ್ಣಾ” ಎಂದಳು.

ಅವರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಅಂಗಳ ದಾಟುವಷ್ಟರಲ್ಲಿ ಹುಡುಗ ಮುಂದೆ, ಅಜ್ಜಿ ಬಹಳ ಹಿಂದೆ. ಅವ್ವ ಓಡಿಹೋಗಿ ಅವಳ ಸೆರಗಿಗೆ ಒಗ್ಗರಣೆಯ ಪೊಟ್ಟಣ ಕಟ್ಟಿ ಬಂದಳು. ಅಡುಗೆಮನೆಯಲ್ಲಿ ನೀಲತ್ತಿ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಕಣ್ಣಲ್ಲಿ ನೀರಿತ್ತು.

“ಹುಡುಗ ನೋಡಾಕ ಚಲೋ ಇದ್ದ ವೈನಿ.”

“ನೋಡಾಕ ಚಲೋ ಇದ್ದ ಬಿಡವ್ವಾ. ಕೇಳಾಕ ಇರಲಿಲ್ಲ.”

ನೀಲತ್ತಿ ಅಳುತ್ತಲೇ ನಕ್ಕುಬಿಟ್ಟಳು. ಪಡಸಾಲೆಯಲ್ಲಿ ಅಪ್ಪ ಇನ್ನೂ ಬಾಗಿಲ ಚೌಕಟ್ಟು ಹಿಡಿದು ಹೊರಗೆ ನೋಡುತ್ತ ನಿಂತಿದ್ದ. ಅವನ ಬೆನ್ನಿಗೆ ಮುತ್ಯಾ ಮೆಲ್ಲಗೆ ‘ಲಾಭ’ ಎಂದ. ಅಪ್ಪ ತಿರುಗಿದ. ಅವನನ್ನು ನೋಡಿ, ಅಡುಗೆಮನೆಯ ಕಡೆ ನೋಡಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವ್ವನನ್ನು ಕೇಳಿದ:

“ಏನನ್ನಾಕತ್ಯಾನ?”

“ನನ್ನ್ಯಾಕ ಕೇಳ್ತೀರಿ? ನಿಮ್ಮನ್ನ ಕರದಾನ.”

ಅಪ್ಪ ಹೊರಸಿನ ಹತ್ತಿರ ಬಂದ. ನಿಂತುಕೊಂಡು ಜೋರಾಗಿ ಕೇಳಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ, ಅಜ್ಜಿ ಕೂತಿದ್ದ ಜಾಗದಲ್ಲಿ ಕೂತು, ತಂದೆಯ ಬಾಯಿಯ ಹತ್ತಿರ ಕಿವಿ ತಂದ.

“ಇನ್ನೊಮ್ಮೆ ಅನ್ನಪ್ಪಾ” ಎಂದ, ನಮಗೆ ಕೇಳಿಸಬಾರದೆಂಬಷ್ಟು ಸಣ್ಣಗೆ. ಆದರೂ ಗೋಡೆಯ ಮೇಲಿನ ಸಂದಿನಿಂದ ಅದು ಒಳಗೆ ಬಂತು. “ಇನ್ನೊಮ್ಮೆ ಅನ್ನು. ನಾ ಕೇಳ್ತೀನಿ.”